ಫಿರಂಗಿಯವನು ಅಡುಗೆಯವನಾದದ್ದು

ಸೈಕಲ್ ಮಾವನ ಮನೆಯ ಗುಟ್ಟೆಲ್ಲ ಬೀದಿಯವರಿಗೆ ಗೊತ್ತು. ಮಾವನಿಗೆ ಹೊಟ್ಟೆ ಕೆಟ್ಟಿದ್ದು, ಅತ್ತೆಯ ತಮ್ಮ ಮುನಿಸಿಕೊಂಡು ಊಟ ಬಿಟ್ಟು ಎದ್ದುಹೋದದ್ದು, ಬಚ್ಚಲಿನ ನಲ್ಲಿ ಸೋರುತ್ತಿರುವುದು, ಯಾವುದನ್ನೂ ಮುಚ್ಚಿಡುವಂತಿರಲಿಲ್ಲ. ಅತ್ತೆ ಏನು ಹೇಳಿದರೂ ಕೂಗಿಯೇ ಹೇಳಬೇಕಿತ್ತು. ಮಾವನಿಗೆ ಕಿವಿ ಮಂದ.

ಮನೆಯ ಮುಂದಿನ ಕೋಣೆಯೇ ಅಂಗಡಿ. ಗೋಡೆ ತುಂಬ ಟ್ಯೂಬು, ಚೈನು, ಮೊಳೆಗೆ ನೇತುಹಾಕಿದ ಚಕ್ರಗಳು. ಸೈನ್ಯದ ಫಿರಂಗಿ ದಳದಿಂದ ನಿವೃತ್ತರಾಗಿ ಬಂದ ಮೇಲೆ ಮಾವ ಹಿಡಿದದ್ದು ಈ ಸೈಕಲ್ ರಿಪೇರಿ ಕೆಲಸವನ್ನು. ಗಿರಾಕಿಗಳು ಬಂದು ಅತ್ತೆಯ ಹತ್ತಿರ ಹೇಳುತ್ತಿದ್ದರು. ಅತ್ತೆ ಮಾವನ ಬಲಗಿವಿಯ ಪಕ್ಕ ಹೋಗಿ ಕೂಗುತ್ತಿದ್ದರು.

“ಬ್ರೇಕ್ ಬಿಗಿ ಮಾಡ್ಬೇಕಂತೆ!”

“ಕೇಕ್ ಸಿಹಿ ಮಾಡ್ಬೇಕಾ? ಇದು ಸೈಕಲ್ ಅಂಗಡಿ ಕಣೇ!”

ಗಿರಾಕಿಗಳು ನಗುತ್ತಿದ್ದರು. ಅತ್ತೆಯೂ ನಗುತ್ತಿದ್ದರು. ನಗದೆ ಇನ್ನೇನು ಮಾಡುವುದು?

ಒಂದು ಬೆಳಿಗ್ಗೆ ಮಾತ್ರ ಯಾರಿಗೂ ನಗು ಬರಲಿಲ್ಲ. ಮಾವ ಹೆಗಲ ಮೇಲೆ ಒಂದು ಚಕ್ರ ಹೊತ್ತು ರಸ್ತೆ ದಾಟುತ್ತಿದ್ದರು. ತಿರುವಿನಿಂದ ಸಿಟಿ ಬಸ್ಸು ಬಂತು. ಹಾರ್ನ್ ಬಡಿದುಕೊಂಡಿತು. ಎದುರಂಗಡಿಯವರು ಕೂಗಿದರು. ಅತ್ತೆ ಬಾಗಿಲಲ್ಲಿ ನಿಂತು ಗಂಟಲು ಹರಿಯುವಂತೆ ಕಿರುಚಿದರು. ಮಾವ ನಿಧಾನವಾಗಿ, ತಮ್ಮ ಪಾಡಿಗೆ ತಾವು ನಡೆಯುತ್ತಲೇ ಇದ್ದರು. ಬಸ್ಸು ಕೀರಲು ಸದ್ದು ಮಾಡುತ್ತ ಮಾವನ ಮೊಣಕೈಗೆ ತಾಗಿತೋ ಇಲ್ಲವೋ ಎಂಬಷ್ಟು ಹತ್ತಿರಕ್ಕೆ ಬಂದು ನಿಂತಿತು.

ಬಸ್ಸಿನಿಂದ ಇಳಿದವಳು ಡ್ರೈವರಮ್ಮ. ಮಾವನ ಮನೆಯ ಹಿಂದಿನ ಮನೆಯವಳೇ. ಮುಖದಲ್ಲಿ ರಕ್ತವೇ ಇರಲಿಲ್ಲ. ಇಳಿದವಳು ಬಸ್ಸಿನ ಮೆಟ್ಟಿಲ ಮೇಲೇ ಕುಸಿದು ಕೂತಳು.

ಮಾವ ಆಗ ತಿರುಗಿ ನೋಡಿದರು. “ಏನಮ್ಮಾ, ಇವತ್ತಿಂದ ಬಸ್ಸು ಇಲ್ಲೇ ನಿಲ್ಲುತ್ತಾ?” ಎಂದು ಖುಷಿಯಿಂದ ಕೇಳಿದರು.

ಆ ದಿನವೆಲ್ಲ ಅತ್ತೆ ಮಾವನನ್ನು ಅಂಗಡಿಯ ಹೊಸ್ತಿಲು ದಾಟಲು ಬಿಡಲಿಲ್ಲ.

ಸಂಜೆ ಕೆಲಸ ಮುಗಿಸಿಕೊಂಡ ಡ್ರೈವರಮ್ಮ ನೇರ ಇವರ ಮನೆಗೇ ಬಂದಳು. ಬಸ್ಸಿನ ಕೆಲಸಕ್ಕೆ ಸೇರುವ ಮೊದಲು ಅವಳೂ ಸೈನ್ಯದಲ್ಲಿದ್ದವಳು, ಸಂದೇಶ ಕಳಿಸುವ ವಿಭಾಗದಲ್ಲಿ. ಮಾವನ ಮೇಲೆ ಅವಳಿಗೆ ಒಂದು ಬಗೆಯ ಸಲಿಗೆ.

“ಅತ್ತೆ, ಹೀಗೇ ಬಿಟ್ರೆ ಇನ್ನೊಂದಿನ ನನ್ನ ಬಸ್ಸೇ ಮಾವನ ಮೇಲೆ ಹೋಗುತ್ತೆ. ನಿವೃತ್ತ ಸೈನಿಕರ ಆಸ್ಪತ್ರೇಲಿ ಕಿವಿಯಂತ್ರ ಕೊಡ್ತಾರಲ್ಲ, ಯಾಕೆ ಹೋಗಿಲ್ಲ?”

“ಹೋಗಿದ್ವಮ್ಮ. ಮರ್ಯಾದೆ ಕಳ್ಕೊಂಡು ಬಂದ್ವಿ.”

ಅತ್ತೆ ನಡೆದದ್ದನ್ನು ಹೇಳಿದರು. ಆಸ್ಪತ್ರೆಯ ಕಿಟಕಿಯಲ್ಲಿ ಕೂತಿದ್ದ ಗುಮಾಸ್ತ ಕಂಪ್ಯೂಟರ್ ನೋಡಿ, ಇವರು ದುಡಿದದ್ದು ಅಡುಗೆ ವಿಭಾಗದಲ್ಲಿ ಎಂದಿದೆ, ಫಿರಂಗಿ ಸದ್ದಿಗೆ ಕಿವಿ ಹೋಯಿತೆಂದು ಬರೆದುಕೊಳ್ಳಲು ಬರುವುದಿಲ್ಲ, ಯಂತ್ರ ಕೊಡಲೂ ಬರುವುದಿಲ್ಲ ಎಂದಿದ್ದ. ಮಾವನಿಗೆ ಅದು ಕೇಳಿಸಲಿಲ್ಲ. ಏನಂತೆ, ಏನಂತೆ ಎಂದು ಅತ್ತೆಯ ತೋಳು ಹಿಡಿದು ಜಗ್ಗಿದರು. ಅತ್ತೆ ಆ ತುಂಬಿದ ಸಾಲಿನಲ್ಲಿ ನಿಂತು, “ನೀವು ಅಡುಗೆಯವರಂತೆ!” ಎಂದು ಕೂಗಬೇಕಾಯಿತು. ಸಾಲಿನವರು ಗೊಳ್ಳೆಂದು ನಕ್ಕರು. ಮಾವ ಹೊರಗೆ ನಡೆದರು. ಮನೆಗೆ ಬಂದವರೇ ಅಂಗಡಿಯ ಗೋಡೆಯಲ್ಲಿದ್ದ ತಮ್ಮ ಸಮವಸ್ತ್ರದ ಫೋಟೋ ಇಳಿಸಿ ಪೆಟ್ಟಿಗೆಯಲ್ಲಿಟ್ಟರು. ಮತ್ತೆ ಆ ಸುದ್ದಿ ಎತ್ತಲಿಲ್ಲ.

ಡ್ರೈವರಮ್ಮ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. “ಅಡುಗೆಯವರಾ? ಮಾವನಾ?”

“ಅದೇ ನೋಡು. ಈ ಮನುಷ್ಯ ನೀರು ಕಾಯ್ಸೋಕಿಟ್ರೆ ನೀರೂ ಸೀದುಹೋಗುತ್ತೆ.”

ಇಬ್ಬರೂ ನಕ್ಕರು. ಆ ದಿನದ ಮೊದಲ ನಗು ಅದು. ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಮಾವ ಇವರ ತುಟಿಗಳನ್ನೇ ನೋಡುತ್ತಿದ್ದರು.

“ಹಾಗಾದ್ರೆ ದಾಖಲೆಯೇ ತಪ್ಪು. ತಿದ್ದಿಸ್ಬೇಕು,” ಎಂದಳು ಡ್ರೈವರಮ್ಮ.

ಅತ್ತೆಯ ನಗು ಅಲ್ಲಿಗೇ ನಿಂತಿತು. “ಬೇಡಮ್ಮ. ಸೈನ್ಯದ ಕಾಗದ ತಿದ್ದೋಕೆ ನಾವ್ಯಾರು? ಅದನ್ನ ಕೆದಕೋಕೆ ಹೋಗಿ, ಇವರ ಲೆಕ್ಕವೇ ತಪ್ಪು ಅಂತ ಬರೋ ಪಿಂಚಣಿಗೂ ಕಲ್ಲು ಬಿದ್ರೆ? ಈ ವಯಸ್ಸಲ್ಲಿ ನಾವೆಲ್ಲಿಗೆ ಹೋಗೋಣ?”

“ನನಗೂ ಹೀಗೇ ಭಯ ಇತ್ತು ಅತ್ತೆ. ನನ್ನ ದಾಖಲೇಲಿ ಏನಿತ್ತು ಗೊತ್ತಾ? ನಾನು ಗಂಡಸು ಅಂತ.”

“ಅಯ್ಯೋ!”

“ಹೂಂ. ಹೆರಿಗೆಗೆ ಅಂತ ಅದೇ ಆಸ್ಪತ್ರೇಲಿ ಹೊಟ್ಟೆ ಹೊತ್ಕೊಂಡು ನಿಂತಿದ್ದೀನಿ. ಅವರು ನನ್ನನ್ನೂ ಕಾಗದಾನೂ ನೋಡಿ, ಇದು ನಿಮ್ಮ ಯಜಮಾನರ ಕಾಗದ, ನಿಮ್ಮದು ತನ್ನಿ ಅಂತಾರೆ! ಆಮೇಲೆ ಅರ್ಜಿ ಕೊಟ್ಟೆ, ಅಲೆದೆ, ತಿದ್ದಿಸಿದೆ. ಬರೆದೋರೂ ನಮ್ಮ ಹಾಗೆ ಮನುಷ್ಯರೇ ಅಲ್ವಾ? ರಾಶಿ ಕಾಗದದ ಮಧ್ಯೆ ಕಣ್ಣು ಮಂಜಾಗಿರುತ್ತೆ. ಅದನ್ನ ತಿದ್ದೋಕೇ ಅಂತಲೂ ಅಲ್ಲಿ ಜನ ಕೂತಿದ್ದಾರೆ. ನಾವು ಹೇಳದೆ ಇದ್ರೆ ಅವರಿಗೆ ಹೇಗೆ ಗೊತ್ತಾಗ್ಬೇಕು?”

ಅಷ್ಟರಲ್ಲಿ ಮಾವ ಎದ್ದು ಒಳಗೆ ಹೋದರು. ಹೊರಗೆ ಬಂದಾಗ ಒಂದು ಕೈಯಲ್ಲಿ ಸೈನ್ಯದಿಂದ ಬಿಡುಗಡೆಯಾದಾಗ ಕೊಟ್ಟಿದ್ದ, ಅಂದಿನಿಂದ ಯಾರೂ ಸಾಲು ಸಾಲಾಗಿ ಓದದ ಕಾಗದ, ಇನ್ನೊಂದು ಕೈಯಲ್ಲಿ ಪೆನ್ನು. ಮೇಜಿನ ಮೇಲೆ ಕಾಗದ ಹರಡಿ, ಅಡುಗೆ ಎಂಬ ಮಾತಿನ ಮೇಲೆ ಪೆನ್ನಿನ ತುದಿ ಊರಿದರು.

“ರೀ!” ಅತ್ತೆ ಹಾರಿ ಪೆನ್ನು ಕಿತ್ತುಕೊಂಡರು.

“ಒಳ್ಳೇದು ಮಾಡಿದ್ರಿ ಅತ್ತೆ,” ಎಂದಳು ಡ್ರೈವರಮ್ಮ ಎದೆ ಮೇಲೆ ಕೈಯಿಟ್ಟುಕೊಂಡು. “ನಾವೇ ಗೀಟು ಹಾಕಿದ್ರೆ ಆ ಕಾಗದ ಸತ್ತ ಹಾಗೆ. ಆಮೇಲೆ ಯಾರೂ ನಂಬಲ್ಲ. ಕಾಗದ ಇದ್ದ ಹಾಗೇ ಇರ್ಲಿ. ಮೊದಲು ಪೂರ್ತಿ ಸೇವಾ ದಾಖಲೆಯ ನಕಲು ತರಿಸೋಣ. ಇದು ಒಂದು ಹಾಳೆ ಅಷ್ಟೇ. ತಪ್ಪು ಎಲ್ಲಿ ಶುರುವಾಯ್ತು ಅನ್ನೋದು ಅದರಲ್ಲಿ ಸಿಗುತ್ತೆ.”

ಅತ್ತೆ ಒಪ್ಪಿದರು ಎನ್ನುವಂತಿಲ್ಲ. ಬೇಡ ಎನ್ನುವಷ್ಟು ಧೈರ್ಯ ಆ ಬೆಳಗಿನ ಬಸ್ಸು ನೋಡಿದ ಮೇಲೆ ಉಳಿದಿರಲಿಲ್ಲ.

ಕೆಲವು ವಾರಗಳಲ್ಲಿ ನಕಲು ಬಂತು. ಡ್ರೈವರಮ್ಮ ಒಂದೊಂದೇ ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದಿದಳು. ಹೆಸರು ಸರಿ. ತಂದೆಯ ಹೆಸರು ಸರಿ. ಹುಟ್ಟಿದ ದಿನ ಸರಿ. ಸೇವಾ ಸಂಖ್ಯೆ ಬಂದಾಗ ಅದನ್ನು ದೊಡ್ಡದಾಗಿ ಬೇರೆ ಹಾಳೆಯಲ್ಲಿ ಬರೆದು ಮಾವನ ಮುಂದೆ ಹಿಡಿದಳು. ಮಾವ ಅಲ್ಲ ಎಂದು ತಲೆಯಾಡಿಸಿದರು. ಎದ್ದು ನಿಂತು, ಬೆನ್ನು ನೆಟ್ಟಗೆ ಮಾಡಿ, ಗಟ್ಟಿ ಧ್ವನಿಯಲ್ಲಿ ತಮ್ಮ ಸಂಖ್ಯೆ ಹೇಳಿದರು. ಮದುವೆಯ ದಿನ ಮರೆಯುವ ಮನುಷ್ಯನಿಗೆ ಆ ಸಂಖ್ಯೆ ಮಾತ್ರ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುತ್ತಿತ್ತು. ಕಾಗದದಲ್ಲಿ ಕೊನೆಯ ಎರಡು ಅಂಕಿಗಳು ಅದಲುಬದಲಾಗಿದ್ದವು. ಅಲ್ಲಿಂದ ಮುಂದೆ ಎಲ್ಲವೂ ಅಡುಗೆ ವಿಭಾಗ, ಅಡುಗೆ ವಿಭಾಗ.

“ಬೇರೆ ಯಾರದೋ ಲೆಕ್ಕ ಮಾವನ ಹೆಸರಿಗೆ ಬಂದು ಕೂತಿದೆ,” ಎಂದಳು ಡ್ರೈವರಮ್ಮ.

ಅರ್ಜಿ ಬರೆದರು. ತಪ್ಪು ಏನಿದೆ, ಸರಿ ಏನಾಗಬೇಕು, ಎರಡನ್ನೂ ಬಿಡಿಸಿ ಬರೆದರು. ಪೆಟ್ಟಿಗೆಯಿಂದ ಫೋಟೋ ಹೊರಬಂತು. ಹರೆಯದ ಮಾವ ಫಿರಂಗಿಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು, ಮೀಸೆ ಈಗಿನದಕ್ಕಿಂತ ಕಪ್ಪು, ನಗು ಈಗಿನದಕ್ಕಿಂತ ದೊಡ್ಡದು. ಅದರದೂ ಒಂದು ನಕಲು ಸೇರಿಸಿದರು. ಅತ್ತೆಯೇ ಮಾವನನ್ನು ಕರೆದುಕೊಂಡು ದಾಖಲೆ ಕಚೇರಿಗೆ ಹೋದರು. ಗೇಟಿನ ಹತ್ತಿರ ಒಬ್ಬ ಸಂಭಾವಿತನಂತೆ ಕಾಣುವವನು ಅಡ್ಡ ಬಂದು, “ಅಮ್ಮಾ, ಒಳಗೆ ನಮ್ಮೋರೇ ಇದ್ದಾರೆ. ಅಸಲು ಕಾಗದ ನನ್ನ ಕೈಗೆ ಕೊಡಿ, ಮಿಕ್ಕಿದ್ದು ನನಗೆ ಬಿಡಿ,” ಎಂದ. ಅತ್ತೆ ಚೀಲವನ್ನು ಎದೆಗೆ ಅವಚಿಕೊಂಡು, “ನಮಗೂ ಕಾಲಿದೆಯಪ್ಪ, ನಾವೇ ಒಳಗೆ ಹೋಗ್ತೀವಿ,” ಎಂದು ಮುಂದೆ ನಡೆದರು. ಕಿಟಕಿಯಲ್ಲಿ ನಕಲುಗಳನ್ನು ಮಾತ್ರ ಕೊಟ್ಟು, ಡ್ರೈವರಮ್ಮ ಹೇಳಿಕೊಟ್ಟಿದ್ದ ಹಾಗೆ ಮುದ್ರೆ ಹಾಕಿದ ಸ್ವೀಕೃತಿ ಚೀಟಿ ಕೇಳಿ ಪಡೆದರು.

ಆದರೆ ಬಂದ ಉತ್ತರ ನಿರಾಸೆಯದು. ಫೋಟೋ ಒಂದೇ ಸಾಲದು, ಫಿರಂಗಿ ದಳದಲ್ಲಿ ಕೆಲಸ ಮಾಡಿದ್ದಕ್ಕೆ ಇನ್ನಷ್ಟು ಆಧಾರ ಬೇಕು ಎಂದಿತ್ತು.

ಅತ್ತೆ ಪತ್ರ ಮಡಿಸಿಟ್ಟರು. “ಸಾಕು. ಕೇಳಿದ್ವಿ, ಆಗಲ್ಲ ಅಂದ್ರು. ಪಿಂಚಣಿಗೆ ಏನೂ ಆಗ್ಲಿಲ್ಲವಲ್ಲ, ಅದೇ ದೊಡ್ಡದು. ಕಿವಿಯಂತ್ರ ನಮ್ಮ ಹಣೇಲಿ ಬರೆದಿಲ್ಲ.” ಮಾವನಿಗೂ ಅದನ್ನೇ ಕೂಗಿ ಹೇಳಿದರು. “ಬಿಟ್ಬಿಡೋಣ ರೀ!”

ಮಾವ ಒಂದು ಚಕ್ರದ ಕಡ್ಡಿ ಬಿಗಿ ಮಾಡುತ್ತಿದ್ದರು. ಕೈ ನಿಲ್ಲಿಸಿದರು.

“ಯಂತ್ರ ಬಿಡು. ಅದಿಲ್ದೆನೂ ಇಷ್ಟು ವರ್ಷ ಬದುಕಿದ್ದೀನಿ,” ಎಂದರು. ಕಿವಿ ಮಂದವಿದ್ದವರು ಸಾಮಾನ್ಯವಾಗಿ ಜೋರಾಗಿ ಮಾತಾಡುತ್ತಾರೆ. ಮಾವ ಈಗ ಮೆಲ್ಲಗೆ ಮಾತಾಡಿದರು. “ಆದ್ರೆ ನಾನು ಎಲ್ಲಿ ನಿಂತಿದ್ದೆ ಅನ್ನೋದು ಸರಿಯಾಗಿರ್ಬೇಕು ಕಣೇ. ಅಡುಗೆ ಕೆಲಸ ಕೀಳು ಅಂತಲ್ಲ. ಅವರು ಹಾಕಿದ ಅನ್ನವೇ ನಾವು ತಿಂದಿದ್ದು. ಆದ್ರೆ ಆ ಫಿರಂಗಿ ಪಕ್ಕ ನನ್ನ ಜೊತೆ ನಿಂತಿದ್ದವರಲ್ಲಿ ಕೆಲವರು ವಾಪಸ್ ಬರ್ಲಿಲ್ಲ. ನಾನು ಅಲ್ಲಿ ಇರ್ಲೇ ಇಲ್ಲ ಅಂದ್ರೆ, ಅವರ ಪಕ್ಕ ಯಾರೂ ಇರ್ಲಿಲ್ಲ ಅಂದ ಹಾಗಾಯ್ತಲ್ಲ.”

ಇಷ್ಟು ವರ್ಷದ ಸಂಸಾರದಲ್ಲಿ ಆ ದಿನಗಳ ಬಗ್ಗೆ ಮಾವ ಇಷ್ಟು ಮಾತಾಡಿದ್ದು ಅದೇ ಮೊದಲು. ಇದುವರೆಗೆ ಅತ್ತೆ ಇದನ್ನು ಕಿವಿಯ ವಿಚಾರ ಎಂದುಕೊಂಡಿದ್ದರು, ಪಿಂಚಣಿಯ ವಿಚಾರ ಎಂದುಕೊಂಡಿದ್ದರು. ಹೋಗಿ ಗಂಡನ ಪಕ್ಕ ನೆಲದ ಮೇಲೇ ಕೂತರು.

“ನಿಮ್ಮ ಜೊತೇಲಿದ್ದವರು ಯಾರಾದ್ರೂ ಇದ್ದಾರೇನ್ರೀ, ಈಗ?” ಎಂದು ಕಿವಿಯ ಹತ್ತಿರ ಕೇಳಿದರು.

ಮಾವ ಯೋಚಿಸಿದರು. ಮುಖದಲ್ಲಿ ನಿಧಾನವಾಗಿ ನಗು ಹರಡಿತು. “ಸೌಟು!”

“ಯಾವ ಸೌಟು?”

“ನಮ್ಮ ದಳದ ಅಡುಗೆಯವನು. ಅವನ ಹೆಸರೂ ನನ್ನ ಹೆಸರೇ. ಕರೆದ್ರೆ ಇಬ್ಬರೂ ಓಡಿ ಬರ್ತಿದ್ವಿ. ಅದಕ್ಕೇ ನನ್ನ ಫಿರಂಗಿ ಅಂತ ಕರೀತಿದ್ರು, ಅವನನ್ನ ಸೌಟು ಅಂತ.”

ಅತ್ತೆ ಗಂಡನ ಮುಖ ನೋಡಿದರು. “ಇದನ್ನ ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ!” ಎಂದು ಅವರು ಕೂಗಿದ್ದು ಬೀದಿಯ ಕೊನೆಯ ಮನೆಯವರೆಗೂ ಕೇಳಿಸಿತು.

ನಿವೃತ್ತ ಸೈನಿಕರ ಸಂಘದವರು ಸೌಟುವನ್ನು ಹುಡುಕಿಕೊಟ್ಟರು. ಬೇರೊಂದು ಊರಿನಲ್ಲಿ, ಒಂದು ಕಾರ್ಖಾನೆಯ ಊಟದ ಮನೆ ನಡೆಸುತ್ತಿದ್ದಾರೆ ಎಂದು ತಿಳಿಯಿತು. ಫೋನಿನಲ್ಲಿ ಮಾವನಿಗೆ ಏನೂ ಕೇಳಿಸುವುದಿಲ್ಲವಾದ್ದರಿಂದ ಅತ್ತೆಯೇ ಮಾತಾಡಬೇಕಾಯಿತು. ಮಾವ ಎದುರಿಗೆ ಮಂಡಿಗೆ ಮಂಡಿ ತಾಗಿಸಿ ಕೂತು ಅತ್ತೆಯ ಮುಖವನ್ನೇ ನೋಡುತ್ತಿದ್ದರು.

“ಯಾರು, ಫಿರಂಗಿಯ ಮನೆಯವರಾ?” ಆ ಕಡೆಯ ಧ್ವನಿ ಪಾತ್ರೆ ಬಿದ್ದಂತೆ ಸದ್ದು ಮಾಡಿತು. “ಬದುಕಿದ್ದಾನಾ ಅವನು?”

“ಬದುಕಿದ್ದಾರೆ. ಕಿವಿ ಮಾತ್ರ ಇಲ್ಲ.”

“ಇರೋದಾದ್ರೂ ಹೇಗಮ್ಮ? ಆ ದಿನ ಫಿರಂಗಿ ಬಾಯಿ ಹತ್ತಿರವೇ ನಿಂತಿದ್ದ. ಕಿವಿಯಿಂದ ರಕ್ತ ಬರ್ತಿತ್ತು. ನಾನೇ ಪಾತ್ರೆ ಒರೆಸೋ ಬಟ್ಟೆ ಒತ್ತಿಹಿಡಿದು ವೈದ್ಯರ ಡೇರೆಗೆ ನಡೆಸ್ಕೊಂಡು ಹೋದೆ. ದಾರಿಯುದ್ದಕ್ಕೂ ನನ್ನ ಬಯ್ತಿದ್ದ, ಬಟ್ಟೆ ನಾರುತ್ತೆ ಅಂತ.”

ಅತ್ತೆ ಅದನ್ನು ಮಾವನ ಕಿವಿಗೆ ಕೂಗಿ ಹೇಳಿದರು. ಮಾವ ತೊಡೆ ತಟ್ಟಿಕೊಂಡು ನಕ್ಕರು. ನಗುನಗುತ್ತಲೇ ಕಣ್ಣೊರೆಸಿಕೊಂಡರು.

ಅತ್ತೆ ದಾಖಲೆಯ ಕಥೆ ಹೇಳುತ್ತಿದ್ದಂತೆ ಸೌಟು ನಡುವೆ ಬಾಯಿ ಹಾಕಿದರು. “ತಾಳಿ, ತಾಳಿ. ಅಲ್ಲಮ್ಮ, ಆ ಆಸ್ಪತ್ರೆಯವರು ಕಿವಿ ಪರೀಕ್ಷೆಗೆ ಬನ್ನಿ, ಕಿವಿ ಪರೀಕ್ಷೆಗೆ ಬನ್ನಿ ಅಂತ ವರ್ಷಾ ವರ್ಷಾ ನನಗೆ ಪತ್ರ ಹಾಕ್ತಾರೆ. ನನ್ನ ಕಿವಿಗೆ ಉಗ್ರಾಣದಲ್ಲಿ ಇಲಿ ನಡೆದ್ರೂ ಕೇಳಿಸುತ್ತೆ. ಇವರಿಗೆ ತಲೆ ಕೆಟ್ಟಿದೆ ಅಂದ್ಕೊಂಡು ಪತ್ರ ಎಲ್ಲ ಒಲೆಗೆ ಹಾಕ್ತಿದ್ದೆ!”

“ಹಾಗಾದ್ರೆ ಇವರ ಲೆಕ್ಕ ನಿಮ್ಮ ಹತ್ತಿರ, ನಿಮ್ಮದು ಇವರ ಹತ್ತಿರ,” ಎಂದರು ಅತ್ತೆ.

“ನನ್ನದು ನನಗೆ ವಾಪಸ್ ಕೊಡೋಕೆ ಹೇಳಿ ಅವನಿಗೆ. ಜೀವಮಾನವೆಲ್ಲ ಒಲೆ ಮುಂದೆ ಬೆವರು ಸುರಿಸಿದ್ದೀನಿ. ಆ ಹೆಸರು ಅವನಿಗೆ ಯಾಕೆ ಹೋಗ್ಬೇಕು?”

ಸೌಟು ಬಸ್ಸು ಹತ್ತಿ ಬಂದೇ ಬಿಟ್ಟರು. ಒಲೆಗೆ ಹೋಗದೆ ಉಳಿದಿದ್ದ ಒಂದು ಪತ್ರ, ತಮ್ಮ ಸೇವಾ ದಾಖಲೆಯ ನಕಲು ತಂದಿದ್ದರು. ಹೆಸರು ಒಂದೇ, ಸಂಖ್ಯೆಯ ಕೊನೆಯ ಅಂಕಿಗಳು ಅದಲುಬದಲು, ವಿಭಾಗ ಫಿರಂಗಿ. ತಾವು ಕಣ್ಣಾರೆ ಕಂಡದ್ದನ್ನು ಬರೆದು ಸಹಿ ಹಾಕಿದರು. ಇಬ್ಬರ ಅರ್ಜಿಯೂ ಒಟ್ಟಿಗೇ ಹೋಯಿತು.

ಈ ಸಲ ಕಚೇರಿಯ ಅಧಿಕಾರಿಣಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಎರಡು ಕಡತಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ವೈದ್ಯರ ಡೇರೆಯ ಹಳೆಯ ದಾಖಲೆಯನ್ನೂ ತರಿಸಿದ್ದರು. ಸೌಟು ಹೇಳಿದ ಗಾಯ ಅಲ್ಲಿತ್ತು, ಮಾವನ ಸರಿಯಾದ ಸಂಖ್ಯೆಯೊಂದಿಗೆ. ಅಧಿಕಾರಿಣಿ ಕನ್ನಡಕ ತೆಗೆದರು.

“ಇದು ನಮ್ಮ ಕಡೆಯಿಂದಲೇ ಆಗಿರೋ ತಪ್ಪು. ಇಷ್ಟು ವರ್ಷ ನಿಮ್ಮಿಬ್ಬರಿಗೂ ತೊಂದರೆಯಾಯ್ತು. ಕ್ಷಮಿಸಿ.”

ಅತ್ತೆ ಕುರ್ಚಿಯ ತುದಿಗೆ ಸರಿದರು. ತಿಂಗಳುಗಳಿಂದ ನಾಲಿಗೆ ತುದಿಯಲ್ಲಿದ್ದ ಮಾತು ಹೊರಬಂತು. “ಮೇಡಂ, ಇದ್ರಿಂದ ಪಿಂಚಣಿಗೆ ಏನಾದ್ರೂ...”

“ನಿಮ್ಮದೂ ನಿಲ್ಲಲ್ಲ, ಇವರದೂ ನಿಲ್ಲಲ್ಲ ಅಮ್ಮ. ಸತ್ಯ ಹೇಳಿದ್ದಕ್ಕೆ ಯಾಕೆ ನಿಲ್ಲಿಸ್ತೀವಿ?”

ಅತ್ತೆ ಬಿಟ್ಟ ಉಸಿರಿಗೆ ಮೇಜಿನ ಮೇಲಿದ್ದ ಹಾಳೆಗಳು ಅಲುಗಾಡಿದವು. ಹೊರಗೆ ಬಂದ ಮೇಲೆ, ಇಷ್ಟು ದಿನ ಇದೊಂದು ಮಾತಿಗೆ ಹೆದರಿಕೊಂಡು ಕೂತಿದ್ದೆನಲ್ಲ ಎಂದು ಒಬ್ಬರೇ ನಕ್ಕರು. ಮೊದಲೇ ಬಂದು ಕೇಳಿದ್ದರೆ ಆಗುತ್ತಿತ್ತು.

ತಿದ್ದಿದ ದಾಖಲೆ ಅಂಚೆಯಲ್ಲಿ ಬಂದ ದಿನ ಮಾವ ಅದನ್ನು ಕಣ್ಣಿನಲ್ಲೇ ಓದಿ, ಮಡಿಸಿ, ಅಂಗಿಯ ಜೇಬಿಗಿಟ್ಟುಕೊಂಡು ಕೆಲಸಕ್ಕೆ ಕೂತರು. ಅದನ್ನು ತೋರಿಸಿದ ಮೇಲೆ ಆಸ್ಪತ್ರೆಯಲ್ಲಿ ಪರೀಕ್ಷೆಯಾಯಿತು, ಬಲಗಿವಿಗೆ ಯಂತ್ರ ಸಿಕ್ಕಿತು. ಎಡಗಿವಿಗೆ ಯಾವ ಯಂತ್ರವೂ ಸಹಾಯ ಮಾಡಲಾರದು ಎಂದರು ವೈದ್ಯರು. ಇರಲಿ, ಒಂದಾದರೂ ಬಂತಲ್ಲ ಎಂದರು ಅತ್ತೆ.

ಮೊದಲ ದಿನ ಅಂಗಡಿಗೆ ಬಂದ ಗಿರಾಕಿ, ಅತ್ತೆ ಕಾಣದ್ದಕ್ಕೆ, ತಾನೇ ಮಾವನ ಬಲಗಿವಿಯ ಪಕ್ಕ ಗಂಟಲೆತ್ತಿ ಕೂಗಿದ. ಮಾವ ಹಿಂದಕ್ಕೆ ಹಾರಿ, “ಯಾಕಪ್ಪ ಕಿರುಚ್ತೀಯ? ನಾನೇನು ಕಿವುಡನಾ?” ಎಂದರು. ಬೀದಿಯಲ್ಲಿ ಆ ಮಾತು ಬಹಳ ದಿನ ಓಡಾಡಿತು. ಅತ್ತೆಯ ಮನೆಯ ಗುಟ್ಟುಗಳು ಮನೆಯಲ್ಲೇ ಉಳಿಯತೊಡಗಿದವು.

ಒಂದು ಸಂಜೆ ಅಂಗಡಿ ಮುಚ್ಚಿದ ಮೇಲೆ ಮಾವ ಜೇಬಿನಿಂದ ಆ ಕಾಗದ ತೆಗೆದು ಅತ್ತೆಯ ಮುಂದಿಟ್ಟರು.

“ಓದು.”

“ನೀವೇ ಓದಿದ್ದೀರಲ್ಲ.”

“ಕಣ್ಣಲ್ಲಿ ಓದಿದೆ. ನೀನು ಓದು.”

ಅತ್ತೆ ಓದಿದರು. ಕೂಗಲಿಲ್ಲ. ಮೇಜಿನ ಆಚೆ ಕೂತವರಿಗೆ ಕೇಳುವಷ್ಟೇ ಧ್ವನಿಯಲ್ಲಿ ಹೆಸರು, ಸಂಖ್ಯೆ, ಫಿರಂಗಿ ದಳ, ನಿಂತಿದ್ದ ಜಾಗ, ಆದ ಗಾಯ, ಎಲ್ಲವನ್ನೂ ಓದಿ ಮುಗಿಸಿದರು. ಮಾವ ಕಣ್ಣು ಮುಚ್ಚಿಕೊಂಡಿದ್ದರು.

“ಇನ್ನೊಂದ್ಸಲ ಓದು,” ಎಂದರು.

ಅತ್ತೆಗೆ ಗಾಬರಿ. “ಯಾಕ್ರೀ, ಕೇಳಿಸ್ಲಿಲ್ವಾ?”

“ಕೇಳಿಸ್ತು,” ಎಂದರು ಮಾವ. “ಅದಕ್ಕೇ ಇನ್ನೊಂದ್ಸಲ.”

ಸೈನ್ಯದಲ್ಲಿ ದುಡಿದು ಮನೆಗೆ ಬಂದವರೇ, ಅವರ ಮನೆಯವರೇ, ಈ ಕಥೆ ಕೇಳಿ ಎದ್ದುಹೋಗುವ ಮುನ್ನ ಒಂದು ಕೆಲಸ ಮಾಡಿ. ಪೆಟ್ಟಿಗೆಯ ತಳದಲ್ಲಿ ಮಡಿಸಿಟ್ಟ ಆ ಕಾಗದವನ್ನು ಹೊರಗೆ ತೆಗೆಯಿರಿ. ಪೂರ್ತಿ ಸೇವಾ ದಾಖಲೆ ಇಲ್ಲದಿದ್ದರೆ ನಕಲು ಕೇಳಿ ತರಿಸಿ. ಹೆಸರು, ಸಂಖ್ಯೆ, ವಿಭಾಗ, ಗಾಯ, ಒಂದೊಂದೇ ಸಾಲಿನ ಕೆಳಗೆ ಬೆರಳಿಟ್ಟು ಓದಿ. ತಪ್ಪು ಕಂಡರೆ ನೀವೇ ಪೆನ್ನು ಹಿಡಿಯಬೇಡಿ. ಏನು ತಪ್ಪು, ಏನು ಸರಿ ಎಂದು ಬಿಡಿಸಿ ಬರೆದು, ನಕಲುಗಳನ್ನು ಲಗತ್ತಿಸಿ ಅರ್ಜಿ ಕೊಡಿ, ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ. ಕಚೇರಿಯವರು ಅಸಲು ನೋಡಬೇಕೆಂದರೆ ನೀವೇ ಕೊಂಡುಹೋಗಿ ತೋರಿಸಿ, ಗೇಟಿನ ಹತ್ತಿರ ಕೈ ಚಾಚುವವರಿಗೆ ಕೊಡಬೇಡಿ. ಒಂದು ಸಲ ಆಗದು ಎಂದರೆ ಯಾಕೆ ಆಗದು, ಇನ್ನೇನು ಬೇಕು ಎಂದು ಕೇಳಿ. ಜೊತೆಯಲ್ಲಿ ದುಡಿದವರ ಮಾತಿಗೂ ಬೆಲೆಯಿದೆ, ಅವರು ಇರುವಾಗಲೇ ಹುಡುಕಿ ಮಾತಾಡಿಸಿ. ಸೈನಿಕರು ತೀರಿಕೊಂಡಿದ್ದರೆ ಹೆಂಡತಿ, ಮಕ್ಕಳು ಅರ್ಜಿ ಹಾಕಬಹುದೇ ಎಂದು ನಿಮ್ಮ ದಾಖಲೆ ಕಚೇರಿಯಲ್ಲೋ ಸೈನಿಕರ ಸಂಘದಲ್ಲೋ ವಿಚಾರಿಸಿ. ಬಹಳ ವರ್ಷವಾಯಿತು, ಇನ್ನೇನು ಪ್ರಯೋಜನ ಎಂದು ನೀವೇ ತೀರ್ಮಾನ ಮಾಡಿಕೊಂಡು ಕೂರಬೇಡಿ.

ನೀವು ನಿಂತಿದ್ದ ಜಾಗ ಯಾವುದೆಂದು ನಿಮಗೆ ಗೊತ್ತು. ಕಾಗದಕ್ಕೂ ಗೊತ್ತಾಗಲಿ. ಹೋಗಿ, ಕೇಳಿ.